ಸದನದಿಂದ ಸಂಧಾನದ ಮೇಜಿಗೆ: ಒಬ್ಬ ಮಾಜಿ ಸಚಿವರ ಪ್ರಕರಣ ಅಧ್ಯಯನ

ಅಧಿಕಾರ ಕಳೆದುಕೊಂಡ ನಾಯಕರು ಅಂತರರಾಷ್ಟ್ರೀಯ ಶಾಂತಿ ಕಾರ್ಯಕ್ಕೆ ಬರುವುದು ಹೊಸದೇನಲ್ಲ. 1980ರ ಚುನಾವಣೆಯಲ್ಲಿ ಸೋತ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ 1982ರಲ್ಲಿ ಕಾರ್ಟರ್ ಸೆಂಟರ್ ಸ್ಥಾಪಿಸಿದರು. ಅಮೆರಿಕದ ಸೆನೆಟ್‌ನಲ್ಲಿ ಬಹುಮತದ ನಾಯಕರಾಗಿದ್ದ ಜಾರ್ಜ್ ಮಿಚೆಲ್ ಉತ್ತರ ಐರ್ಲೆಂಡ್‌ನ ಮಾತುಕತೆಯ ಅಧ್ಯಕ್ಷತೆ ವಹಿಸಿ ಅದನ್ನು 1998ರ ಏಪ್ರಿಲ್ 10ರ ಒಪ್ಪಂದದವರೆಗೆ ತಂದರು. 2000ದಲ್ಲಿ ಫಿನ್ಲೆಂಡಿನ ಅಧ್ಯಕ್ಷ ಸ್ಥಾನದಿಂದ ಇಳಿದ ಮಾರ್ಟಿ ಅಹ್ತಿಸಾರಿ, 2005ರಲ್ಲಿ ಇಂಡೊನೇಷ್ಯಾ ಸರ್ಕಾರಕ್ಕೂ ಆಚೆ ಪ್ರಾಂತ್ಯದ ಬಂಡುಕೋರರಿಗೂ ಒಪ್ಪಂದ ಮಾಡಿಸಿದರು. ಇವೆಲ್ಲ ದೊಡ್ಡ ಹೆಸರುಗಳು, ದೊಡ್ಡ ಹುದ್ದೆಗಳಿಂದ ಬಂದವರು. ಈ ಕೆಲಸಕ್ಕೆ ಬರುವ ಬಹುಪಾಲು ರಾಜಕಾರಣಿಗಳ ಸ್ಥಿತಿ ಹಾಗಿರುವುದಿಲ್ಲ. ತಮ್ಮ ದೇಶದ ಆಚೆ ಅವರ ಪರಿಚಯ ಕಡಿಮೆ, ಬೆನ್ನಿಗೆ ಯಾವ ಸರ್ಕಾರವೂ ಇರುವುದಿಲ್ಲ. ಅಂಥ ಒಬ್ಬರ ಹಾದಿಯನ್ನು ಇಲ್ಲಿ ವಿವರವಾಗಿ ನೋಡಿದ್ದೇವೆ.

ಗುರುತು ಸಿಗಬಾರದೆಂದು ಅವರ ದೇಶ, ಅವರು ಕೆಲಸ ಮಾಡಿದ ಸಂಘರ್ಷದ ನೆಲ, ವರ್ಷಗಳು, ಸಂಸ್ಥೆಯ ಹೆಸರು ಎಲ್ಲವನ್ನೂ ಬಿಟ್ಟಿದ್ದೇವೆ. ಅವರನ್ನು ‘ಸಚಿವರು’ ಎಂದೇ ಕರೆಯುತ್ತೇವೆ.

ಹಿನ್ನೆಲೆ

ಸಂಸದೀಯ ಪದ್ಧತಿಯ, ಮಧ್ಯಮ ಗಾತ್ರದ ದೇಶ. ಸಚಿವರು ಕಾರ್ಮಿಕ ಸಂಘಟನೆಯಿಂದ ರಾಜಕೀಯಕ್ಕೆ ಬಂದವರು. ಹಲವು ಅವಧಿಗೆ ಸಂಸದರಾಗಿದ್ದರು. ಮೊದಲು ಆಡಳಿತ ಪಕ್ಷದ ಮುಖ್ಯ ಸಚೇತಕರಾಗಿ, ಆಮೇಲೆ ಕಾರ್ಮಿಕ ಖಾತೆಯಲ್ಲಿ, ಕೊನೆಗೆ ವಿದೇಶಾಂಗ ಖಾತೆಯ ರಾಜ್ಯ ಸಚಿವರಾಗಿ ದುಡಿದರು. ನಂತರದ ಚುನಾವಣೆಯಲ್ಲಿ ಪಕ್ಷವೂ ಸೋತಿತು, ಅವರೂ ಸೋತರು.

ವಿದೇಶಾಂಗ ಖಾತೆಯ ಅನುಭವವೇ ತಮ್ಮ ಬಂಡವಾಳ ಎಂದು ಅವರೂ ಅವರ ಹಿತೈಷಿಗಳೂ ನಂಬಿದ್ದರು. ನಿಜವಾಗಿ ಕೆಲಸಕ್ಕೆ ಬಂದದ್ದು ಸಚೇತಕರಾಗಿ ಕಳೆದ ವರ್ಷಗಳು. ಸಮ್ಮಿಶ್ರ ಸರ್ಕಾರದಲ್ಲಿ ಸಚೇತಕನ ಕೆಲಸವೆಂದರೆ ಪ್ರತಿ ಸದಸ್ಯನೂ ಯಾವುದಕ್ಕೆ ಒಪ್ಪುತ್ತಾನೆ, ಒಪ್ಪಿದ್ದನ್ನು ತನ್ನ ಕ್ಷೇತ್ರಕ್ಕೆ ಹೋಗಿ ಹೇಗೆ ಹೇಳುತ್ತಾನೆ ಎಂದು ಮೊದಲೇ ಅಳೆಯುವುದು. ಸಂಧಾನಕ್ಕೆ ಬೇಕಾದ ಮುಖ್ಯ ವಿದ್ಯೆ ಇದೇ. ಅದು ತಮ್ಮ ಕೈಯಲ್ಲಿದೆ ಎಂಬುದು ಸಚಿವರ ಅರಿವಿಗೆ ಬರಲು ಬಹಳ ಸಮಯ ಹಿಡಿಯಿತು.

ಮೊದಲ ಪ್ರಯತ್ನ ಮತ್ತು ಮುಚ್ಚಿದ ಬಾಗಿಲು

ಸೋತ ಕೆಲವೇ ತಿಂಗಳಲ್ಲಿ ತಮ್ಮದೇ ಹೆಸರಿನ ಪ್ರತಿಷ್ಠಾನವೊಂದನ್ನು ನೋಂದಾಯಿಸಿದರು. ಹಣದ ದೊಡ್ಡ ಪಾಲು ಒಬ್ಬ ಉದ್ಯಮಿಯಿಂದ ಬಂತು. ಸಚಿವರಾಗಿದ್ದಾಗ ಭೇಟಿ ಕೊಟ್ಟಿದ್ದ ದೇಶವೊಂದರಲ್ಲಿ ಸರ್ಕಾರಕ್ಕೂ ಸಶಸ್ತ್ರ ಗುಂಪೊಂದಕ್ಕೂ ವರ್ಷಗಳಿಂದ ಕಾಳಗ ನಡೆದಿತ್ತು. ಹಳೆಯ ಪರಿಚಯ ಬಳಸಿ ಮೊದಲು ಅಲ್ಲಿನ ಹಿರಿಯ ಮಂತ್ರಿಯನ್ನು ಕಂಡರು. ಬಳಿಕ ಮೂರನೆಯ ದೇಶದಲ್ಲಿ ಗುಂಪಿನ ರಾಜಕೀಯ ಪ್ರತಿನಿಧಿಯನ್ನು ಕಂಡರು. ಎರಡೂ ಭೇಟಿ ಸೌಹಾರ್ದದಿಂದ ನಡೆದವು. ಮರಳುವಾಗ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರ ಮುಂದೆ, ಎರಡೂ ಕಡೆಯವರು ತಾತ್ವಿಕವಾಗಿ ಮಾತುಕತೆಗೆ ಸಿದ್ಧರಿದ್ದಾರೆ ಎಂದುಬಿಟ್ಟರು.

ಮರುದಿನವೇ ಸಶಸ್ತ್ರ ಗುಂಪು ಅದನ್ನು ನಿರಾಕರಿಸಿತು. ಅವರನ್ನು ಭೇಟಿಯಾಗಿದ್ದ ಪ್ರತಿನಿಧಿಯ ಮೇಲೆ, ಅನುಮತಿಯಿಲ್ಲದೆ ಮಾತು ಕೊಟ್ಟ ಎಂಬ ಆರೋಪ ಬಂತು. ರಣರಂಗದಲ್ಲಿದ್ದ ದಳಪತಿಗಳು ಅವನನ್ನು ಹುದ್ದೆಯಿಂದ ತೆಗೆಸಿದರು. ಅಲ್ಲಿನ ಸಂಸತ್ತಿನಲ್ಲಿ ವಿರೋಧ ಪಕ್ಷ ಗದ್ದಲ ಎಬ್ಬಿಸಿದ ಮೇಲೆ ಸರ್ಕಾರವೂ ಆ ಭೇಟಿ ಖಾಸಗಿ ಎಂದು ಕೈ ತೊಳೆದುಕೊಂಡಿತು. ಮುಂದೆ ಬಹುಕಾಲ ಎರಡೂ ಕಡೆಯಿಂದ ಸಚಿವರ ಪತ್ರಗಳಿಗೆ ಉತ್ತರವಿರಲಿಲ್ಲ.

ಇದನ್ನು ಬಾಯಿ ತಪ್ಪಿದ ಮಾತು ಎಂದು ತಳ್ಳಿಹಾಕಿದರೆ ಕಾರಣ ಸಿಗುವುದಿಲ್ಲ. ಚುನಾವಣಾ ರಾಜಕೀಯದಲ್ಲಿ ಘೋಷಣೆಯೇ ಬಲ ತರುತ್ತದೆ: ಬೆಂಬಲ ಇದೆ ಎಂದು ಮೊದಲು ಹೇಳಿದರೆ ಬೆಂಬಲ ಬರುತ್ತದೆ. ಸಂಧಾನದ ಆರಂಭದಲ್ಲಿ ಎರಡೂ ಕಡೆಯವರಿಗೆ ಬೇಕಿರುವುದು ನಿರಾಕರಿಸುವ ಅವಕಾಶ. ಭೇಟಿ ನಡೆದಿಲ್ಲ ಎಂದು ತಮ್ಮವರಿಗೆ ಹೇಳಲು ಆಗುವಷ್ಟು ಕಾಲ ಮಾತ್ರ ಅವರು ಹೊಸ ಮಾತನ್ನು ಪರೀಕ್ಷಿಸಿ ನೋಡಬಲ್ಲರು. ಆ ಅವಕಾಶವನ್ನು ಸಚಿವರ ಒಂದು ವಾಕ್ಯ ಕಿತ್ತುಕೊಂಡಿತು.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಹಲವರು ಎತ್ತುತ್ತಾರೆ. 1994ರ ಜೂನ್‌ನಲ್ಲಿ ಉತ್ತರ ಕೊರಿಯಾಕ್ಕೆ ಹೋಗಿದ್ದ ಕಾರ್ಟರ್ ಅಲ್ಲಿನ ನಾಯಕ ಕೊಟ್ಟ ಮಾತನ್ನು ರಾಜಧಾನಿ ಪ್ಯೊಂಗ್ಯಾಂಗ್‌ನಿಂದಲೇ ಸಿಎನ್‌ಎನ್ ವಾಹಿನಿಯಲ್ಲಿ ಹೇಳಿದರು. ಅದೇ ಅಕ್ಟೋಬರ್‌ನಲ್ಲಿ ಜಿನೀವಾದಲ್ಲಿ ಅಮೆರಿಕಕ್ಕೂ ಉತ್ತರ ಕೊರಿಯಾಕ್ಕೂ ನಡುವೆ ಪರಮಾಣು ಒಪ್ಪಂದವೂ ಆಯಿತು. ಆದರೆ ಅಲ್ಲಿ ಮಾತು ಕೊಟ್ಟವನು ತನ್ನ ರಾಷ್ಟ್ರದ ಸರ್ವೋಚ್ಚ ನಾಯಕ, ಅವನನ್ನು ಪ್ರಶ್ನಿಸುವವರು ಕೆಳಗೆ ಯಾರೂ ಇರಲಿಲ್ಲ. ಕೇಳಿದವನು ಅಮೆರಿಕದ ಮಾಜಿ ಅಧ್ಯಕ್ಷ. ಹತ್ತಾರು ದಳಪತಿಗಳಿರುವ ಗುಂಪಿನ ಮಧ್ಯಮ ಹಂತದ ಪ್ರತಿನಿಧಿಗೆ ಅದೇ ಲೆಕ್ಕ ಹೊಂದುವುದಿಲ್ಲ.

ಎದುರಿದ್ದ ಪ್ರಶ್ನೆಗಳು

ಪತ್ರಿಕಾ ಹೇಳಿಕೆಯ ಹಿಂದೆ ಇನ್ನೂ ಮೂರು ತೊಡಕುಗಳಿದ್ದವು. ಒಂದು, ಅವರು ಯಾರ ಪರವಾಗಿ ಹೋಗಿದ್ದಾರೆ ಎಂಬುದು ಸ್ಪಷ್ಟವಿರಲಿಲ್ಲ. ಪಕ್ಷದ ಕಾರ್ಯಕಾರಿ ಸಮಿತಿಯಲ್ಲಿ ಅವರ ಹೆಸರು ಇನ್ನೂ ಇತ್ತು, ಹಾಗಾಗಿ ಮುಂದಿನ ಚುನಾವಣೆಗೆ ಹೆಸರು ಮಾಡಿಕೊಳ್ಳಲು ಬಂದಿದ್ದಾರೆ ಎಂಬ ಅನುಮಾನ ಎರಡೂ ಕಡೆ ಇತ್ತು. ಎರಡು, ಹಣ ಕೊಟ್ಟ ಉದ್ಯಮಿಗೆ ಆ ಪ್ರದೇಶದ ಗಣಿಗಳಲ್ಲಿ ಆಸಕ್ತಿ ಇತ್ತು. ಅದನ್ನು ಸಚಿವರು ವಿಚಾರಿಸಿಯೇ ಇರಲಿಲ್ಲ. ಮೂರು, ಕಾನೂನು. ಸಶಸ್ತ್ರ ಗುಂಪು ಕೆಲವು ದೇಶಗಳ ನಿಷೇಧಿತ ಪಟ್ಟಿಯಲ್ಲಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 2010ರ ಹೋಲ್ಡರ್ ಪ್ರಕರಣದಲ್ಲಿ, ನಿಷೇಧಿತ ಸಂಘಟನೆಗೆ ಅದರ ಜೊತೆ ಹೊಂದಾಣಿಕೆಯಿಂದ ಕೊಡುವ ತರಬೇತಿ ಮತ್ತು ತಜ್ಞ ಸಲಹೆ, ಶಾಂತಿಯ ಉದ್ದೇಶದ್ದಾದರೂ, ಅಪರಾಧವಾಗಬಹುದು ಎಂದು ತೀರ್ಪಿತ್ತಿದೆ. ತಂಡದಲ್ಲಿ ಆ ದೇಶದ ಪೌರರಿದ್ದರೆ, ಹಣ ಅಲ್ಲಿಂದ ಬಂದಿದ್ದರೆ, ಯಾರು ಯಾವ ಕೋಣೆಯಲ್ಲಿ ಕೂರಬಹುದು ಎಂಬುದನ್ನೂ ವಕೀಲರನ್ನು ಕೇಳಿಯೇ ನಿರ್ಧರಿಸಬೇಕು.

ಮಾಡಿಕೊಂಡ ಬದಲಾವಣೆ

ಸಚಿವರು ಮಾಡಿದ ಮೊದಲ ಸರಿಯಾದ ನಿರ್ಧಾರವೆಂದರೆ ಪ್ರತಿಷ್ಠಾನವನ್ನು ಮುಚ್ಚಿದ್ದು. ಉಳಿದ ಹಣವನ್ನು ದಾನಿಗೆ ಮರಳಿಸಿದರು. ಪಕ್ಷದ ಎಲ್ಲ ಹುದ್ದೆಗಳಿಗೂ ರಾಜೀನಾಮೆ ಕೊಟ್ಟರು. ಈ ಕೆಲಸದಲ್ಲಿ ಇರುವವರೆಗೆ ಚುನಾವಣೆಗೆ ನಿಲ್ಲುವುದಿಲ್ಲ, ಸರ್ಕಾರಿ ಹುದ್ದೆ ಒಪ್ಪುವುದಿಲ್ಲ ಎಂದು ಬರೆದ ಪತ್ರವನ್ನು ಎರಡೂ ಕಡೆಗೆ ಕಳಿಸಿದರು. ಆಮೇಲೆ, ಮೊದಲಿನಿಂದಲೂ ಸಂಧಾನವನ್ನೇ ವೃತ್ತಿಯಾಗಿ ಮಾಡುತ್ತಿದ್ದ ಸಂಸ್ಥೆಯೊಂದಕ್ಕೆ ಹಿರಿಯ ಸಲಹೆಗಾರರಾಗಿ ಸೇರಿದರು. ಸ್ವಂತ ಹೆಸರಿನ ಫಲಕ ಇಳಿಸುವುದು ರಾಜಕಾರಣಿಗೆ ಸುಲಭವಲ್ಲ. ಆದರೆ ಅದರಿಂದ ದೊರೆತದ್ದು ಬಹಳ: ಹಲವು ದಾನಿಗಳ ಪ್ರಕಟಿತ ಹಣ, ಕಾನೂನು ಸಲಹೆ, ಪ್ರಯಾಣದ ಭದ್ರತೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ತಂಡ.

ತಂಡದಲ್ಲಿ ನಾಲ್ವರು ಇದ್ದರು. ಮಾತುಕತೆಯ ಕ್ರಮವನ್ನು ರೂಪಿಸುವವರು ಒಬ್ಬರು, ಕದನ ವಿರಾಮದ ತಾಂತ್ರಿಕ ಸಂಗತಿ ಬಲ್ಲ ನಿವೃತ್ತ ಸೇನಾಧಿಕಾರಿ ಒಬ್ಬರು, ಸ್ಥಳೀಯ ಭಾಷೆ ಮತ್ತು ಬಣಗಳ ಒಳಸಂಬಂಧ ಬಲ್ಲ ವಿಶ್ಲೇಷಕಿ ಒಬ್ಬರು, ಟಿಪ್ಪಣಿಕಾರರು ಒಬ್ಬರು. ಟಿಪ್ಪಣಿಕಾರರ ಕೆಲಸವನ್ನು ಹೊಸಬರು ಹಗುರವಾಗಿ ನೋಡುತ್ತಾರೆ. ಆರು ತಿಂಗಳ ಹಿಂದೆ ಯಾರು ಯಾವ ಷರತ್ತಿನೊಂದಿಗೆ ಏನು ಹೇಳಿದ್ದರು ಎಂಬುದು ಲಿಖಿತವಾಗಿ ಇಲ್ಲದಿದ್ದರೆ ಮಧ್ಯಸ್ಥಗಾರನ ನೆನಪು ಅವನಿಗೆ ಬೇಕಾದ ಕಡೆಗೆ ವಾಲುತ್ತದೆ.

ಸಂದೇಶ ಒಯ್ಯುವುದಕ್ಕೂ ಕಟ್ಟುನಿಟ್ಟಾದ ಕ್ರಮ ಬಂತು. ಹೇಳಿದವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುವುದು, ಹೊರಡುವ ಮೊದಲು ಅವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯುವುದು, ಪ್ರತಿ ಸಾಲಿಗೂ ಒಂದು ಗುರುತು ಹಾಕುವುದು. ಗುರುತು ಮೂರು ಬಗೆ: ಎದುರಿನವರಿಗೆ ಹೇಳಬಹುದಾದದ್ದು, ನಮ್ಮ ಅಭಿಪ್ರಾಯವೆಂದು ಸೂಚಿಸಬಹುದಾದದ್ದು, ನಮ್ಮಲ್ಲೇ ಉಳಿಯಬೇಕಾದದ್ದು. ಎರಡನೆಯ ಬಗೆಯೇ ಹೆಚ್ಚು ಫಲ ಕೊಟ್ಟಿತು. ತನ್ನ ಬಾಯಿಂದ ಹೇಳಲಾಗದ ರಿಯಾಯಿತಿಯನ್ನು ಮಧ್ಯಸ್ಥಗಾರನ ಸಲಹೆಯಾಗಿ ಹೊರಡಿಸಲು ಪ್ರತಿಯೊಬ್ಬ ನಾಯಕನೂ ಬಯಸುತ್ತಾನೆ. ಎದುರಿನವರು ತಿರಸ್ಕರಿಸಿದರೆ ಸೋತದ್ದು ಮಧ್ಯಸ್ಥಗಾರನ ಸಲಹೆ, ನಾಯಕನ ಮಾನ ಉಳಿಯುತ್ತದೆ.

ಪತ್ರಿಕೆಗಳ ವಿಷಯದಲ್ಲಿ ಒಂದೇ ನಿಯಮ: ಎರಡೂ ಕಡೆ ಒಪ್ಪಿದ ಲಿಖಿತ ಪಠ್ಯ ಬಿಟ್ಟರೆ ಒಂದು ಮಾತೂ ಇಲ್ಲ.

ಮಾತುಕತೆಯಲ್ಲಿ ನಡೆದದ್ದು

ದೊಡ್ಡ ರಾಜಕೀಯ ಪ್ರಶ್ನೆಗಳನ್ನು ತಂಡ ಮೊದಲಿಗೆ ಮುಟ್ಟಲಿಲ್ಲ. ಮಕ್ಕಳ ಲಸಿಕೆಗಾಗಿ ಒಂದು ಜಿಲ್ಲೆಯಲ್ಲಿ ಕೆಲವು ದಿನಗಳ ವಿರಾಮ, ಬಳಿಕ ಕಾಣೆಯಾದವರ ಪಟ್ಟಿಗಳ ವಿನಿಮಯ, ಆಮೇಲೆ ಗಾಯಾಳು ಕೈದಿಗಳ ಬಿಡುಗಡೆ. ಇವುಗಳಿಂದ ಎರಡು ಸಂಗತಿ ತಿಳಿದವು. ಸಶಸ್ತ್ರ ಗುಂಪಿನ ನಾಯಕತ್ವದ ಆದೇಶ ಕೆಳಗಿನ ದಳಪತಿಗಳವರೆಗೆ ನಿಜಕ್ಕೂ ತಲುಪುತ್ತದೆಯೇ? ಮಂತ್ರಿಯ ಮಾತನ್ನು ಸೇನೆ ಕೇಳುತ್ತದೆಯೇ? ಒಂದು ದಿಕ್ಕಿನ ದಳ ಲಸಿಕೆ ವಾಹನಗಳನ್ನು ತಡೆದಾಗ, ಆ ದಳಪತಿ ಮೇಲಿನವರ ಹಿಡಿತದಲ್ಲಿ ಇಲ್ಲ ಎಂಬುದು ಸಹಿಗೆ ಮೊದಲೇ ಗೊತ್ತಾಯಿತು. ಅವನ ಪ್ರತಿನಿಧಿಯನ್ನೂ ಮಾತುಕತೆಗೆ ಕರೆಯುವ ತೀರ್ಮಾನ ಆಗಲೇ ಆಯಿತು.

ಕದನ ವಿರಾಮದ ಮೊದಲ ಕರಡು ಒಂದೇ ಪುಟದ್ದು. ಸಹಿ ಬಿದ್ದ ಕೆಲವೇ ವಾರಗಳಲ್ಲಿ ಅದು ಮುರಿಯಿತು. ಯಾವ ಪಡೆ ಎಲ್ಲಿ ನಿಲ್ಲಬೇಕು ಎಂಬುದನ್ನು ಊರಿನ ಹೆಸರುಗಳಿಂದ ಹೇಳಲಾಗಿತ್ತು, ಎರಡೂ ಕಡೆಯವರ ನಕ್ಷೆ ಬೇರೆ ಬೇರೆ. ಜಾರಿಗೆ ಬರುವ ಹೊತ್ತು ‘ಮಧ್ಯರಾತ್ರಿ’ ಎಂದಿತ್ತು, ಯಾವ ದಿನದ ಮಧ್ಯರಾತ್ರಿ ಎಂಬುದೇ ಗೊಂದಲವಾಯಿತು. ಉಲ್ಲಂಘನೆಯ ದೂರನ್ನು ವೀಕ್ಷಕರು ದಾಖಲಿಸಬಹುದಿತ್ತು, ಸ್ಥಳಕ್ಕೆ ಹೋಗಿ ತನಿಖೆ ಮಾಡುವ ಅಧಿಕಾರ ಇರಲಿಲ್ಲ. ಹಾಗಾಗಿ ಪ್ರತಿ ಗುಂಡಿನ ಸದ್ದಿಗೂ ಎರಡೆರಡು ಕಥೆ ಹುಟ್ಟಿದವು, ಯಾವುದು ನಿಜವೆಂದು ತೀರ್ಮಾನಿಸುವವರಿಲ್ಲ.

ಎರಡನೆಯ ಪಠ್ಯವನ್ನು ಸೇನಾಧಿಕಾರಿ ಬರೆದರು. ಎರಡೂ ಕಡೆಗೆ ಒಂದೇ ಮುದ್ರಣದ ನಕ್ಷೆ, ಅಕ್ಷಾಂಶ-ರೇಖಾಂಶದಲ್ಲಿ ಗುರುತಿಸಿದ ನೆಲೆಗಳು. ಸಹಿಗೂ ಜಾರಿಗೂ ನಡುವೆ 72 ಗಂಟೆ, ಏಕೆಂದರೆ ಕಾಡಿನ ದೂರದ ದಳಕ್ಕೆ ಆದೇಶ ಮುಟ್ಟಬೇಕು. ನಿಷಿದ್ಧ ಕ್ರಿಯೆಗಳ ಪಟ್ಟಿಯಲ್ಲಿ ಗುಂಡು ಹಾರಿಸುವುದರ ಜೊತೆಗೆ ಹೊಸ ನೇಮಕಾತಿ, ಕಂದಕ ತೋಡುವುದು, ಡ್ರೋನ್ ಹಾರಿಸುವುದು, ರಸ್ತೆಯಲ್ಲಿ ಸುಂಕ ವಸೂಲಿ ಎಲ್ಲವೂ ಸೇರಿದವು. ಹಗಲಿರುಳು ತೆರೆದಿರುವ ಒಂದು ದೂರವಾಣಿ, ಅದರ ಎರಡೂ ತುದಿಯಲ್ಲಿ ಹೆಸರು ಗೊತ್ತಿರುವ ಅಧಿಕಾರಿಗಳು. ವೀಕ್ಷಕರಿಗೆ ನಿಗದಿತ ಗಂಟೆಗಳೊಳಗೆ ಸ್ಥಳ ತಲುಪುವ ಹಕ್ಕು.

ಆಯುಧಗಳ ಪ್ರಶ್ನೆ ಬಂದಾಗ ಮಾತುಕತೆ ನಿಂತೇ ಹೋಯಿತು. ಈ ತಿರುವಿನಲ್ಲಿ ಸಚೇತಕರ ಹಳೆಯ ವಿದ್ಯೆ ಹೊರಬಂತು. ಸಚಿವರು ಕಲಮಿನ ಚರ್ಚೆಯನ್ನು ಬದಿಗಿಟ್ಟು, ಇಬ್ಬರು ಮುಖ್ಯ ಪ್ರತಿನಿಧಿಗಳನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡರು. ಒಪ್ಪಂದವಾದ ದಿನ ತಮ್ಮ ಜನರ ಮುಂದೆ ಮಾಡುವ ಭಾಷಣವನ್ನು ಬರೆಯಿರಿ ಎಂದರು. ಗುಂಪಿನ ಪ್ರತಿನಿಧಿಗೆ, ಸೈನ್ಯದ ಕೈಗೆ ಬಂದೂಕು ಒಪ್ಪಿಸಿದ್ದೇವೆ ಎಂಬ ಸಾಲನ್ನು ಯಾವ ರೀತಿಯಲ್ಲೂ ಬರೆಯಲಾಗಲಿಲ್ಲ. ಸರ್ಕಾರದ ಪ್ರತಿನಿಧಿಗೆ, ಬಂದೂಕು ಅವರ ಬಳಿಯೇ ಉಳಿದಿದೆ ಎಂಬ ಸಾಲನ್ನು ಬರೆಯಲಾಗಲಿಲ್ಲ. ಎರಡೂ ಭಾಷಣದಲ್ಲಿ ಹೇಳಬಹುದಾದ ಸಂಗತಿ ಒಂದೇ ಉಳಿಯಿತು: ಮೂರನೆಯವರ ಸಮ್ಮುಖದಲ್ಲಿ ಆಯುಧಗಳ ನಾಶ.

ಇದಕ್ಕೆ ಮೇಲ್ಪಂಕ್ತಿ ಇತ್ತು. ಉತ್ತರ ಐರ್ಲೆಂಡ್‌ನಲ್ಲಿ ಕೆನಡಾದ ಜನರಲ್ ಜಾನ್ ಡಿ ಶಾಸ್ಟೆಲೆನ್ ನೇತೃತ್ವದ ಸ್ವತಂತ್ರ ಆಯೋಗ ಅಲ್ಲಿನ ಸಶಸ್ತ್ರ ಗುಂಪಾದ ಐಆರ್‌ಎಯ ಆಯುಧಗಳ ನಿಷ್ಕ್ರಿಯತೆಯನ್ನು ನೋಡಿಕೊಂಡಿತು, 2005ರ ಸೆಪ್ಟೆಂಬರ್‌ನಲ್ಲಿ ಅದು ಪೂರ್ಣವಾಯಿತೆಂದು ಪ್ರಕಟಿಸಿತು. ಇಂಡೊನೇಷ್ಯಾದ ಆಚೆ ಪ್ರಾಂತ್ಯದ ಒಪ್ಪಂದ ಇನ್ನೂ ಖಚಿತವಾಗಿತ್ತು. ಹೆಲ್ಸಿಂಕಿಯಲ್ಲಿ 2005ರ ಆಗಸ್ಟ್ 15ರಂದು ಸಹಿಯಾದ ಆ ಪಠ್ಯದಲ್ಲೇ 840 ಆಯುಧ ಎಂಬ ಸಂಖ್ಯೆ ಇತ್ತು. ಸೆಪ್ಟೆಂಬರ್ 15ರಿಂದ ಡಿಸೆಂಬರ್ 31ರೊಳಗೆ ನಾಲ್ಕು ಹಂತಗಳಲ್ಲಿ ಅವು ಬರಬೇಕಿತ್ತು. ಪ್ರತಿ ಹಂತಕ್ಕೂ ಜೋಡಿಯಾಗಿ ಸರ್ಕಾರಿ ಪಡೆಗಳ ವಾಪಸಾತಿ, ಮೇಲ್ವಿಚಾರಣೆಗೆ ಐರೋಪ್ಯ ಒಕ್ಕೂಟ ಮತ್ತು ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್ ದೇಶಗಳ ತಂಡ. ಸಂಖ್ಯೆ, ಹಂತ, ಜೋಡಿ ಕ್ರಮ, ಸಾಕ್ಷಿ ಈ ನಾಲ್ಕೂ ಇದ್ದರೆ ಆಯುಧದ ಕಲಮು ನಿಲ್ಲುತ್ತದೆ. ನಮ್ಮ ಪ್ರಕರಣದಲ್ಲೂ ಅದೇ ಚೌಕಟ್ಟನ್ನು ಸಣ್ಣ ಪ್ರಮಾಣದಲ್ಲಿ ಅಳವಡಿಸಲಾಯಿತು. ಒಂದು ಪ್ರಾಂತ್ಯದಲ್ಲಿ ಕದನ ವಿರಾಮ ಗಟ್ಟಿಯಾಗಿ ನಿಂತಿತು.

ಎರಡು ಕುರ್ಚಿ

ಇನ್ನೊಂದು ಪ್ರಾಂತ್ಯದಲ್ಲಿ ಯುದ್ಧ ಮುಂದುವರಿದಿತ್ತು. ಸರ್ಕಾರಿ ವಾಯುಪಡೆ ಸಂತೆಯೊಂದರ ಮೇಲೆ ಕ್ಲಸ್ಟರ್ ಬಾಂಬ್ (ಒಡೆದು ಹಲವು ಸಣ್ಣ ಬಾಂಬುಗಳನ್ನು ಚೆಲ್ಲುವ ಬಾಂಬ್) ಹಾಕಿತು. ಸಚಿವರ ಮುಂದೆ ಒಂದು ಬಹಿರಂಗ ಖಂಡನಾ ಪತ್ರ ಬಂತು, ಹಲವು ದೇಶಗಳ ಮಾಜಿ ನಾಯಕರು ಅದಕ್ಕೆ ಸಹಿ ಮಾಡಿದ್ದರು. ಸಹಿ ಹಾಕಿದರೆ ಸರ್ಕಾರದ ಬಾಗಿಲು ಮುಚ್ಚುತ್ತದೆ, ಹಾಕದಿದ್ದರೆ ಸತ್ತವರ ಮುಂದೆ ಮೌನವಾಗಿರಬೇಕು.

ಸಂಧಾನಕಾರನೂ ಶಾಂತಿಯ ಪರ ದನಿಯೆತ್ತುವ ಪ್ರಚಾರಕನೂ ಒಂದೇ ಗುರಿಯವರು. ಆದರೂ ಒಂದೇ ಸಂಘರ್ಷದಲ್ಲಿ ಒಬ್ಬನೇ ಎರಡೂ ಆಗಲಾರ. ಸಂಧಾನಕಾರ ಬಾಂಬು ಹಾಕಿದವನ ಜೊತೆ ನಾಳೆಯೂ ಕೂರಬೇಕು. ಪ್ರಚಾರಕ ಅವನ ಹೆಸರು ಹಿಡಿದು ಹೇಳಬೇಕು. ಸಚಿವರು ಸಹಿ ಹಾಕಿದರು, ಹಾಕುವ ಮೊದಲು ಸಂಧಾನದ ಹೊಣೆಯಿಂದ ಹೊರಬರುವ ಪತ್ರವನ್ನು ಎರಡೂ ಕಡೆಗೆ ಕಳಿಸಿದರು. ಈ ಅನುಕ್ರಮ ಸರಿಯಾಗಿತ್ತೆಂದೇ ನಮ್ಮ ಅಭಿಪ್ರಾಯ. ಮೊದಲು ಸಹಿ, ಆಮೇಲೆ ರಾಜೀನಾಮೆ ಎಂದಾಗಿದ್ದರೆ ಇಡೀ ಸಂಸ್ಥೆಯೇ ಪಕ್ಷಪಾತಿ ಎಂಬ ಹಣೆಪಟ್ಟಿ ಹೊರಬೇಕಿತ್ತು.

ಹಸ್ತಾಂತರ ಮಾತ್ರ ನೆಟ್ಟಗಾಗಲಿಲ್ಲ. ಮುಖ್ಯ ಭೇಟಿಗಳಿಗೆಲ್ಲ ಸಚಿವರೊಬ್ಬರೇ ಹೋಗುತ್ತಿದ್ದರು, ಟಿಪ್ಪಣಿಕಾರರು ಮಾತ್ರ ಜೊತೆಗೆ. ಉತ್ತರಾಧಿಕಾರಿಯ ಮುಖವನ್ನೇ ಎರಡೂ ಕಡೆಯವರು ಕಂಡಿರಲಿಲ್ಲ. ಮತ್ತೆ ವಿಶ್ವಾಸ ಕುದುರಲು ಹಲವು ತಿಂಗಳು ವ್ಯರ್ಥವಾದವು. ಈಗ ಆ ಸಂಸ್ಥೆಯಲ್ಲಿ ಯಾವ ಹಿರಿಯ ರಾಜಕಾರಣಿಯೂ ಒಬ್ಬರೇ ಹೋಗುವಂತಿಲ್ಲ. ಎರಡನೆಯವರೊಬ್ಬರು ಮೊದಲ ಭೇಟಿಯಿಂದಲೇ ಪಕ್ಕದಲ್ಲಿರುತ್ತಾರೆ, ಆಗಾಗ ಮಾತನ್ನು ಅವರೇ ನಡೆಸುತ್ತಾರೆ.

ಅದೇ ಸಮಯಕ್ಕೆ ತವರಿನಲ್ಲಿ ಹಳೆಯ ಪಕ್ಷ ಅಧಿಕಾರಕ್ಕೆ ಮರಳಿ, ಅವರಿಗೆ ವಿದೇಶಾಂಗ ಖಾತೆ ಕೊಡಲು ಮುಂದಾಯಿತು. ನಾರ್ವೆಯ ಎರಿಕ್ ಸೋಲ್ಹೈಮ್ ಶ್ರೀಲಂಕಾದ ಶಾಂತಿ ಪ್ರಕ್ರಿಯೆಯ ವಿಶೇಷ ದೂತರಾಗಿದ್ದವರು 2005ರಲ್ಲಿ ಸಚಿವರೂ ಆದರು. ಆದರೆ ಅಲ್ಲಿ ಮಧ್ಯಸ್ಥಿಕೆ ವಹಿಸಿದ್ದೇ ನಾರ್ವೆ ಸರ್ಕಾರ. ಇಲ್ಲಿ, ಹುದ್ದೆ ಒಪ್ಪುವುದಿಲ್ಲ ಎಂಬ ಲಿಖಿತ ಮಾತು ಎರಡೂ ಕಡೆಯವರ ಕೈಯಲ್ಲಿತ್ತು. ಅವರ ಉತ್ತರಾಧಿಕಾರಿಗೆ ಆ ಮಾತಿನ ಮೇಲಿನ ನಂಬಿಕೆ ಇನ್ನೂ ಬೇಕಿತ್ತು. ಸಚಿವರು ಖಾತೆಯನ್ನು ನಿರಾಕರಿಸಿದರು.

ಪ್ರಚಾರಕರಾಗಿ

ಮುಂದಿನ ವರ್ಷಗಳನ್ನು ಅವರು ಕ್ಲಸ್ಟರ್ ಬಾಂಬ್ ನಿಷೇಧಕ್ಕೆ ಕೊಟ್ಟರು. ಈ ಒಪ್ಪಂದದ ಪಠ್ಯ 2008ರ ಮೇನಲ್ಲಿ ಡಬ್ಲಿನ್‌ನಲ್ಲಿ ಅಂಗೀಕಾರವಾಗಿ, ಡಿಸೆಂಬರ್‌ನಲ್ಲಿ ಓಸ್ಲೋದಲ್ಲಿ ಸಹಿಗೆ ತೆರೆದು, 30 ದೇಶಗಳ ಸ್ಥಿರೀಕರಣದ (ಅಂತಿಮ ಅನುಮೋದನೆಯ) ನಂತರ 2010ರ ಆಗಸ್ಟ್ 1ರಂದು ಜಾರಿಗೆ ಬಂತು. ಸಹಿ ಹಾಕಿದ ದೇಶ ಅಲ್ಲಿಗೇ ನಿಂತುಬಿಡುವುದುಂಟು. ಸಂಪುಟದ ಒಪ್ಪಿಗೆ, ಸಂಸತ್ತಿನ ಮಂಜೂರಾತಿ, ಶಿಕ್ಷೆ ವಿಧಿಸುವ ದೇಶೀಯ ಕಾನೂನು, ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯ ಬಳಿ ಸ್ಥಿರೀಕರಣ ಪತ್ರದ ಸಲ್ಲಿಕೆ ಇಷ್ಟೂ ಆಗಬೇಕು. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಕಂಡುಹಿಡಿಯಲು ಸದನದ ಒಳಗು ಗೊತ್ತಿರಬೇಕು, ಸಚಿವರಿಗೆ ಅದು ಕರತಲಾಮಲಕ.

ಸ್ಥಿರೀಕರಿಸದ ಒಂದು ದೇಶದಲ್ಲಿ ವಿರೋಧ ಪಕ್ಷದ ತಕರಾರೇ ಅಡ್ಡಿ ಎಂದು ಅಲ್ಲಿನ ಕಾರ್ಯಕರ್ತರು ಬೀದಿ ಪ್ರದರ್ಶನ ನಡೆಸುತ್ತಿದ್ದರು. ಸಚಿವರು ಸಂಸದರ ಪಟ್ಟಿ ಹಿಡಿದು ಒಬ್ಬೊಬ್ಬರನ್ನೂ ವಿಚಾರಿಸಿದಾಗ ಮತಗಳು ಸಾಕಷ್ಟಿದ್ದವು. ತಡೆ ಇದ್ದದ್ದು ರಕ್ಷಣಾ ಸಚಿವಾಲಯದಲ್ಲಿ, ಅದಕ್ಕೆ ಕಾರಣ ಎರಡು. ಒಪ್ಪಂದಕ್ಕೆ ಸೇರದ ಮಿತ್ರದೇಶದ ಜೊತೆ ಜಂಟಿ ಕಾರ್ಯಾಚರಣೆ ಮಾಡಿದರೆ ತಮ್ಮ ಸೈನಿಕರು ಅಪರಾಧಿಗಳಾಗುತ್ತಾರೆಯೇ ಎಂಬ ಆತಂಕ ಒಂದು. ಇದಕ್ಕೆ ಒಪ್ಪಂದದ 21ನೆಯ ವಿಧಿಯಲ್ಲೇ ಉತ್ತರವಿದೆ, ಅದನ್ನು ಮಸೂದೆಯಲ್ಲಿ ಬಿಡಿಸಿ ಬರೆದರೆ ಸಾಕಿತ್ತು. ದಾಸ್ತಾನು ನಾಶದ ಖರ್ಚು ಇನ್ನೊಂದು. ನಾಶಕ್ಕೆ ಎಂಟು ವರ್ಷಗಳ ಗಡುವಿದೆ, ಖರ್ಚನ್ನು ಎಂಟು ಮುಂಗಡಪತ್ರಗಳಿಗೆ ಹಂಚಬಹುದು. ಮಿತ್ರ ಸಂಸದರೊಬ್ಬರಿಂದ ಲಿಖಿತ ಪ್ರಶ್ನೆ ಕೇಳಿಸಿ ದಾಸ್ತಾನಿನ ಲೆಕ್ಕ ಸದನದ ದಾಖಲೆಗೆ ಬರುವಂತೆ ಮಾಡಿದರು. ಅದರ ಆಧಾರದ ಮೇಲೆ ಹಣಕಾಸು ಸಚಿವಾಲಯದ ಟಿಪ್ಪಣಿ ತಯಾರಾಯಿತು, ಮಸೂದೆ ಸಮಿತಿ ದಾಟಿತು. ಸ್ಥಿರೀಕರಣ ಪತ್ರ ಸಲ್ಲಿಸಿದ ಮೇಲೆ ಆರನೆಯ ತಿಂಗಳ ಮೊದಲ ದಿನ ಒಪ್ಪಂದ ಆ ದೇಶಕ್ಕೆ ಅನ್ವಯವಾಯಿತು. 180 ದಿನಗಳೊಳಗೆ ಮೊದಲ ಪಾರದರ್ಶಕತಾ ವರದಿ ಕೊಡಬೇಕು ಎಂಬುದನ್ನು ನೆನಪಿಸಲು ಅವರು ಮತ್ತೊಮ್ಮೆ ಹೋಗಿಬಂದರು.

ಲೆಕ್ಕಕ್ಕೆ ಬಾರದವರು

ಸಚೇತಕನ ಕಣ್ಣಿಗೆ ಒಂದು ಮಿತಿಯಿದೆ. ಅಡ್ಡಗಾಲು ಹಾಕಬಲ್ಲವರನ್ನು ಅದು ಚೆನ್ನಾಗಿ ಎಣಿಸುತ್ತದೆ. ಮತವೂ ಬಂದೂಕೂ ಇಲ್ಲದವರು ಅದಕ್ಕೆ ಕಾಣುವುದಿಲ್ಲ. ಕದನ ವಿರಾಮ ನಿಂತ ಪ್ರಾಂತ್ಯದಿಂದ ಓಡಿಹೋಗಿದ್ದ ರೈತ ಕುಟುಂಬಗಳ ಬಗ್ಗೆ ಒಪ್ಪಂದದಲ್ಲಿದ್ದದ್ದು ಒಂದೇ ಸಾಲು: ನಿರಾಶ್ರಿತರ ಜಮೀನಿನ ಪ್ರಶ್ನೆಯನ್ನು ಜಂಟಿ ಸಮಿತಿ ಪರಿಶೀಲಿಸುವುದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್‌ನಲ್ಲೇ 1325ನೆಯ ನಿರ್ಣಯದ ಮೂಲಕ ಶಾಂತಿ ಮಾತುಕತೆಗಳಲ್ಲಿ ಮಹಿಳೆಯರ ಪಾಲ್ಗೊಳ್ಳುವಿಕೆಗೆ ಕರೆ ಕೊಟ್ಟಿದೆ. ಆದರೂ ಈ ಮೇಜಿನ ಎರಡೂ ಬದಿಯಲ್ಲಿ ಗಂಡಸರೇ ಇದ್ದರು. ವಿಶ್ಲೇಷಕಿ ಶಿಬಿರಗಳಿಗೆ ಹೋಗಿ ಬರೆದ ವರದಿ ಪಠ್ಯ ಮುಗಿದ ಮೇಲೆ ಓದಲ್ಪಟ್ಟಿತು.

ಜನ ಊರಿಗೆ ಮರಳಿದಾಗ ಹೊಲಗಳಲ್ಲಿ ಬೇರೆಯವರು ಉಳುತ್ತಿದ್ದರು. ಮತ್ತೆ ಹೊಡೆದಾಟ ಶುರುವಾದದ್ದು ಅಲ್ಲಿಂದಲೇ, ಸೈನಿಕರ ನಡುವೆ ಅಲ್ಲ, ನೆರೆಹೊರೆಯವರ ನಡುವೆ. ಉತ್ತರಾಧಿಕಾರಿಯ ತಂಡ ಈಗ ಆ ಒಂದು ಸಾಲನ್ನು ಪ್ರತ್ಯೇಕ ಒಪ್ಪಂದವಾಗಿ ಬರೆಯುತ್ತಿದೆ. ಯಾವ ದಿನಾಂಕದ ಸ್ವಾಧೀನವನ್ನು ಮಾನ್ಯ ಮಾಡಬೇಕು, ಹಕ್ಕುಪತ್ರ ಸುಟ್ಟುಹೋದವರಿಂದ ಕಂದಾಯ ರಸೀದಿಯನ್ನೋ ನೆರೆಯವರ ಸಾಕ್ಷಿಯನ್ನೋ ಒಪ್ಪಬೇಕೇ, ಗಂಡ ಕಾಣೆಯಾಗಿ ಸಾವಿನ ಪ್ರಮಾಣಪತ್ರವಿಲ್ಲದ ಹೆಂಗಸಿನ ಹೆಸರಿಗೆ ಖಾತೆ ಹೇಗೆ ಮಾಡಬೇಕು, ಈಗ ಉಳುತ್ತಿರುವವನಿಗೆ ನಿಂತ ಬೆಳೆ ಕೊಯ್ಯಲು ಎಷ್ಟು ಕಾಲ ಕೊಡಬೇಕು, ಮರು ಅಳತೆಯ ವೆಚ್ಚ ಯಾರದು, ಮೇಲ್ಮನವಿ ಎಲ್ಲಿಗೆ. ಕರಡಿನ ಈ ಪ್ರಶ್ನೆಗಳಲ್ಲಿ ಹೆಚ್ಚಿನವು ಶಿಬಿರಗಳ ಆ ಹಳೆಯ ವರದಿಯಿಂದಲೇ ಬಂದವು. ಈ ಸಲದ ಮೇಜಿನಲ್ಲಿ ಶಿಬಿರದ ಹೆಂಗಸರಿಗೂ ಜಾಗವಿದೆ, ಕರಡಿನ ಪ್ರತಿ ಕಲಮನ್ನೂ ಮೊದಲು ಅವರಿಗೆ ಓದಿ ಹೇಳಲಾಗುತ್ತಿದೆ.